ನೋಂದಾಯಿತ ನೆಗಡಿ

ಜನವರಿ ಒಂಬತ್ತನೆಯ ತಾರೀಖಿನಂದು ಸಾಹಿತ್ಯ ಮುದ್ರಣ ಮಂಡಳಿಯ ಕಚೇರಿಯಲ್ಲಿ ದೊಡ್ಡಮ್ಮನವರ ಧ್ವನಿಯನ್ನು ಕ್ರಮಬದ್ಧವಾಗಿ ನೋಂದಾಯಿಸಿಕೊಳ್ಳಲಾಯಿತು. ಅವರ ಹಳೆಯ ದಿನಚರಿಯಲ್ಲಿ ಆ ದಿನದ ಪುಟ ಹೀಗಿದೆ: "ಬೆಳಗಿನಿಂದ ಮೂಗು ಕಟ್ಟಿದೆ. ಆದರೂ ಮಂಡಳಿಗೆ ಹೋಗಿ ಧ್ವನಿ ಕೊಟ್ಟು ಬಂದೆ. ಗುಮಾಸ್ತರು ಸಭ್ಯರು. ಕೂರಲು ಕುರ್ಚಿ ಕೊಟ್ಟರು. ಕೆಲಸ ಮುಗಿಯಿತು."

ಕೊನೆಯ ವಾಕ್ಯವೊಂದನ್ನು ಬಿಟ್ಟರೆ ಉಳಿದೆಲ್ಲವೂ ಸರಿಯೆಂದು ಆಮೇಲೆ ತಿಳಿದುಬಂತು.

ದಿನಚರಿಯಲ್ಲಿ ತಪ್ಪು ಬರೆಯುವ ಪೈಕಿಯವರಲ್ಲ ದೊಡ್ಡಮ್ಮ. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಅವರು. ಪದವಿ ಪತ್ರಕ್ಕೆ ಗಾಜು ಹಾಕಿಸಿ ಹೊರಗಿನ ಕೋಣೆಯಲ್ಲಿ, ಬಂದವರು ಚಪ್ಪಲಿ ಬಿಡುವಾಗಲೇ ಕಣ್ಣಿಗೆ ಬೀಳುವಂತೆ ತೂಗುಹಾಕಿದ್ದರು. ನಲ್ಲಿಯಲ್ಲಿ ನೀರು ಬಾರದ ದಿನ, ಸೊಸೆ ಮುಖ ಊದಿಸಿಕೊಂಡ ದಿನ, ಎರಡನ್ನೂ ಒಂದೇ ಅಕ್ಷರದಲ್ಲಿ, ಒಂದೇ ಗಾಂಭೀರ್ಯದಲ್ಲಿ ಬರೆದಿಡುತ್ತಿದ್ದರು. ಅಂಥವರು ಈಗ ಒಂದು ಪುಸ್ತಕಕ್ಕೆ ಕೈಹಾಕಿದ್ದರು. ಅದು ಅವರ ತಾಯಿಯ ಬದುಕಿನ ಪುಸ್ತಕ.

ತಾಯಿಯನ್ನು ಬೀದಿಯೆಲ್ಲ ಅಜ್ಜಿ ಅಂತಲೇ ಕರೆಯುತ್ತಿತ್ತು. ಆಕೆ ಸೂಲಗಿತ್ತಿ. ಆ ಬೀದಿಯ, ಪಕ್ಕದ ಬೀದಿಯ, ಅದರಾಚೆಯ ಬೀದಿಯ ಅರ್ಧಕ್ಕರ್ಧ ಜನ ಮೊದಲು ಬಿದ್ದದ್ದು ಆಕೆಯ ಕೈಗೆ. ಈಗ ಎರಡೂ ಕಣ್ಣು ಹೋಗಿದ್ದವು. ಆದರೂ ಯಾರಾದರೂ ಬಾಗಿಲಲ್ಲಿ ನಿಂತು ಒಂದು ಮಾತಾಡಿದರೆ ಸಾಕು, ಇಂಥವರ ಮನೆಯ ಇಂಥವನೆಂದು ಹೇಳಿಬಿಡುತ್ತಿದ್ದಳು. "ನೀನು ಹುಟ್ಟಿದಾಗಲೂ ಹೀಗೇ ಮೂಗೆಳ್ಕೊಂಡು ಅತ್ತಿದ್ದೆ, ಬಾರೋ" ಎಂದು ಬ್ಯಾಂಕಿನ ಮ್ಯಾನೇಜರನ್ನು ನಾಲ್ಕು ಜನರೆದುರು ಒಳಗೆ ಕರೆದದ್ದುಂಟು.

"ನಿನ್ನ ಪುಸ್ತಕ ಯಾವಾಗ ಓದ್ತೀಯೇ?" ಎಂದು ಆಕೆ ಮಗಳನ್ನು ಪೀಡಿಸುತ್ತಿದ್ದಳು. "ನಾನು ಕಣ್ಣು ಮುಚ್ಚೋದ್ರೊಳಗೆ ಅನ್ನೋ ಹಾಗಿಲ್ಲ, ಅವು ಮುಚ್ಚೇ ಇವೆ. ಕಿವಿ ಮುಚ್ಚೋದ್ರೊಳಗಾದ್ರೂ ಓದು. ಎಡಗಡೇದು ಆಗ್ಲೇ ಕೈಕೊಟ್ಟಿದೆ."

"ಓದ್ತೀನಿ ಕಣಮ್ಮ. ಸ್ವಲ್ಪ ತಾಳು."

"ನೀನೇ ಓದ್ಬೇಕು. ಬೇರೆಯವರು ಓದಿದ್ರೆ ನಂಗೆ ನಿದ್ದೆ ಬರುತ್ತೆ."

ಬಲಗಿವಿ ಇನ್ನೆಷ್ಟು ದಿನವೋ ಎಂಬ ಅವಸರದಲ್ಲೇ ದೊಡ್ಡಮ್ಮ ಮಂಡಳಿಗೆ ಹೋಗಿದ್ದು.

ಈಗ ಮಂಡಳಿಯ ವಿಚಾರ. ಹಿಂದೆ ಕೆಲವು ಗಣ್ಯರು ಬೇರೆಯವರಿಂದ ಪುಸ್ತಕ ಬರೆಸಿ ತಮ್ಮ ಹೆಸರು ಹಾಕಿಕೊಂಡರೆಂಬ ದೂರು ಬಂದಿತ್ತು. ಅದನ್ನು ತಡೆಗಟ್ಟುವ ಸದುದ್ದೇಶದಿಂದ ಮಂಡಳಿಯು, ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುವ ಒಂದು ಯಂತ್ರವನ್ನು ಖರೀದಿಸಿ, ಈ ಕೆಳಗಿನಂತೆ ಆದೇಶ ಹೊರಡಿಸಿತ್ತು: "ಇನ್ನು ಮುಂದೆ ಲೇಖಕರು ತಮ್ಮ ಕೃತಿಯನ್ನು ತಮ್ಮ ಬಾಯಿಂದಲೇ ಹೇಳತಕ್ಕದ್ದು. ಯಂತ್ರವು ಅದನ್ನು ಅಕ್ಷರಕ್ಕೆ ಇಳಿಸತಕ್ಕದ್ದು. ಯಂತ್ರವು ನೋಂದಾಯಿತ ಧ್ವನಿಯನ್ನಲ್ಲದೆ ಅನ್ಯ ಧ್ವನಿಯನ್ನು ಕೇಳತಕ್ಕದ್ದಲ್ಲ. ಕೈಬರಹವನ್ನು ಯಾವ ಸಂದರ್ಭದಲ್ಲೂ ಸ್ವೀಕರಿಸತಕ್ಕದ್ದಲ್ಲ." ಆದೇಶಕ್ಕೆ ಮಂಡಳಿಯ ಕಾರ್ಯದರ್ಶಿಗಳು ಸಹಿ ಹಾಕಿದ್ದರು. ಅವರೂ ಆತ್ಮಕಥೆ ಬರೆಯುತ್ತಿದ್ದರು. ಬಿಡುವಿಲ್ಲದ ಕಾರಣ ಅವರ ಧ್ವನಿಯನ್ನು ಅವರ ಪರವಾಗಿ ಗುಮಾಸ್ತರೇ ನೋಂದಾಯಿಸಿದ್ದರು.

ನೆಗಡಿ ಬಿಟ್ಟ ಮೇಲೆ ದೊಡ್ಡಮ್ಮ ಒಂದು ದಿನ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಮಗನ ಕೋಣೆಯಲ್ಲಿ ಮಂಡಳಿಯವರು ಜೋಡಿಸಿಕೊಟ್ಟ ಮೈಕಿನ ಮುಂದೆ ಕೂತರು. ಗಂಟಲು ಸರಿಮಾಡಿಕೊಂಡು ಮೊದಲ ವಾಕ್ಯ ಹೇಳಿದರು. ಪರದೆಯ ಮೇಲೆ ಒಂದು ಸಾಲು ಮೂಡಿತು: "ಈ ಧ್ವನಿ ಲೇಖಕರದ್ದಲ್ಲ."

ಮತ್ತೊಮ್ಮೆ ಹೇಳಿದರು. ನಿಧಾನವಾಗಿ ಹೇಳಿದರು. ಗದರಿಸಿ ಹೇಳಿದರು. ಯಂತ್ರ ಒಂದೇ ಮಾತಿಗೆ ಅಂಟಿಕೊಂಡಿತ್ತು.

ಸೊಸೆ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. "ಅತ್ತೆ, ಈ ಮನೇಲಿ ನಿಮ್ಮ ಮಾತು ಕೇಳದೇ ಇರೋ ಧೈರ್ಯ ಮಾಡಿದ್ದು ಇದೊಂದೇ."

"ನೀನು ಒಲೆ ಕಡೆ ನೋಡ್ಕೋ ಹೋಗು."

ಮಾರನೆಯ ದಿನ ದೊಡ್ಡಮ್ಮ ಕೊಡೆ ಹಿಡಿದು ಮಂಡಳಿಗೆ ನಡೆದರು. ಅದೇ ಗುಮಾಸ್ತರು, ಅದೇ ಕುರ್ಚಿ. ಗುಮಾಸ್ತರು ನೋಂದಣಿಯ ದಿನದ ಧ್ವನಿಯನ್ನು ಹಾಕಿ ಕೇಳಿಸಿದರು. ಪೆಟ್ಟಿಗೆಯೊಳಗಿಂದ ಮೂಗಿನಲ್ಲಿ ಮಾತಾಡುವ ಯಾವಳೋ ಹೆಂಗಸು ದೊಡ್ಡಮ್ಮನವರ ಹೆಸರು, ವಿಳಾಸ, ವಿದ್ಯಾರ್ಹತೆ ಹೇಳಿದಳು.

"ಇವರು ಲೇಖಕರು" ಎಂದರು ಗುಮಾಸ್ತರು ಗೌರವದಿಂದ. "ನೀವು ಅವರಿಗೆ ಏನಾಗ್ಬೇಕು?"

"ಅದು ನಾನೇ ಕಣಪ್ಪ! ಅವತ್ತು ನೆಗಡಿಯಾಗಿತ್ತು. ನೀವೇ ಕರವಸ್ತ್ರ ಕೊಟ್ರಲ್ಲ!"

"ಕೊಟ್ಟಿದ್ದು ಲೇಖಕರಿಗೆ. ಅವರಿನ್ನೂ ವಾಪಸ್ ಕೊಟ್ಟಿಲ್ಲ."

"ಕಣ್ಣೆದುರಿಗೇ ಬಂದು ನಿಂತಿದ್ದೀನಲ್ಲ?"

"ನೀವು ಬಂದಿದ್ದೀರಮ್ಮ. ಧ್ವನಿ ಬಂದಿಲ್ಲ."

ದೊಡ್ಡಮ್ಮ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ್ದರು. ಅದರ ಬಲದಿಂದ ಕೇಳಿದರು: "ಸರಿ. ಧ್ವನಿ ಬದಲಾಯಿಸಿ ಅಂತ ಅರ್ಜಿ ಹಾಕ್ತೀನಿ. ಅದಕ್ಕೇನು ಮಾಡ್ಬೇಕು?"

"ಧಾರಾಳವಾಗಿ ಹಾಕಿ. ಬಾಯಲ್ಲೇ ಹೇಳ್ಬೇಕು. ನೋಂದಾಯಿತ ಧ್ವನೀಲಿ."

"ಆ ಧ್ವನಿ ನನ್ನ ಹತ್ರ ಇದ್ರೆ ಅರ್ಜಿ ಯಾಕಪ್ಪ ಹಾಕ್ಲಿ?"

"ಅದಕ್ಕೇ ನೋಡಿ, ಇದುವರೆಗೆ ಒಂದು ಅರ್ಜೀನೂ ಬಂದಿಲ್ಲ. ಲೇಖಕರೆಲ್ಲ ತೃಪ್ತರಾಗಿದ್ದಾರೆ ಅಂತ ವಾರ್ಷಿಕ ವರದೀಲಿ ಹಾಕಿದ್ದೀವಿ."

ಕಾರ್ಯದರ್ಶಿಗಳೂ ಕೋಣೆಯಿಂದ ಹೊರಬಂದು ಸಮಾಧಾನ ಹೇಳಿದರು. "ನಿಮ್ಮ ಈಗಿನ ಧ್ವನಿ ನಿಜಕ್ಕೂ ಚೆನ್ನಾಗಿದೆ ತಾಯಿ, ಗಂಟೆ ಹೊಡೆದ ಹಾಗಿದೆ. ಆದರೆ ಅನಧಿಕೃತ. ಒಂದು ನೆಗಡಿ ಮಾಡಿಕೊಂಡು ಬನ್ನಿ, ಎಲ್ಲ ಸರಿಹೋಗುತ್ತೆ."

ಬೇರೆ ಕಡೆ ಅಚ್ಚು ಹಾಕಿಸಬಹುದಿತ್ತಲ್ಲ ಎಂದು ಈಗ ಕೇಳುವವರಿದ್ದಾರೆ. ಮಂಡಳಿಯ ಮುದ್ರೆಯಿಲ್ಲದ ಪುಸ್ತಕವನ್ನು ಪುಸ್ತಕವೆಂದು ಒಪ್ಪಲು ದೊಡ್ಡಮ್ಮನವರೇ ಸಿದ್ಧರಿರಲಿಲ್ಲ.

ಹೀಗಾಗಿ ಅವರು ನೆಗಡಿಯ ಪ್ರಯತ್ನಕ್ಕೆ ನಿಂತರು. ಗಟ್ಟಿಮುಟ್ಟಾದ ಜೀವ. ವರ್ಷಕ್ಕೊಮ್ಮೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ತಲೆಗೆ ನೀರು ಹಾಕಿಕೊಂಡು ಒರೆಸಿಕೊಳ್ಳದೆ ಫ್ಯಾನಿನ ಕೆಳಗೆ ಕೂತರು. ಐಸು ಜಗಿದರು. ತಂಪು ನೆಲದ ಮೇಲೆ ಬರಿಗಾಲಲ್ಲಿ ಓಡಾಡಿದರು. ಕೊನೆಗೆ ನೆಗಡಿ ಬಂತು, ಸೊಸೆಗೆ.

"ನಿಂಗೆ ಯಾವ ಪುಸ್ತಕ ಬರೆಯೋದಿತ್ತೇ?" ಎಂದು ದೊಡ್ಡಮ್ಮ ಸಿಡಿಮಿಡಿಗೊಂಡರು.

"ನಿಮ್ಮ ತಲೆ ಒರೆಸಿ ಒರೆಸಿ ಬಂದಿದ್ದು ಅತ್ತೆ" ಎಂದು ಸೊಸೆ ಸೀನಿದಳು. "ಬೇಕಿದ್ರೆ ತಗೊಳ್ಳಿ. ಪಕ್ಕದಲ್ಲೇ ಮಲಗಿ."

ಮದುವೆಯಾಗಿ ಬಂದಾಗಿನಿಂದ ಅತ್ತೆಯೂ ಸೊಸೆಯೂ ಇಷ್ಟು ಹತ್ತಿರ ಬಂದದ್ದಿಲ್ಲ. ಒಂದೇ ಲೋಟದಲ್ಲಿ ಕಾಫಿ ಕುಡಿದರು, ಒಂದೇ ಹೊದಿಕೆ ಹೊದ್ದರು. ಮಗ ಗಾಬರಿಯಾಗಿ ಬೆಳಗ್ಗೆ ಬೇಗ ಕೆಲಸಕ್ಕೆ ಹೋಗಲು ಶುರುಮಾಡಿದ. ವಾರ ತುಂಬುವಷ್ಟರಲ್ಲಿ ದೊಡ್ಡಮ್ಮನವರ ಮೂಗು ಭದ್ರವಾಗಿ ಕಟ್ಟಿಕೊಂಡಿತು. ಎದ್ದುಬಿದ್ದು ಮೈಕಿನ ಮುಂದೆ ಕೂತು ಬಾಯಿ ತೆರೆದರು. ಪರದೆ ಬೆಳಗಿತು: "ಮಾನ್ಯ ಲೇಖಕರಿಗೆ ಸ್ವಾಗತ."

ಅವರು ಹೇಳಿದ್ದನ್ನೆಲ್ಲ ಯಂತ್ರ ಚಾಚೂ ತಪ್ಪದೆ ಬರೆದುಕೊಂಡಿತು. ಆ ವಿಷಯದಲ್ಲಿ ಅದರ ಮೇಲೆ ಯಾರ ದೂರೂ ಇಲ್ಲ. ತೊಂದರೆಯೆಂದರೆ ನೆಗಡಿ ಒಂದೇ ಥರ ಇರುವುದಿಲ್ಲ. ಮೂಗು ಕಟ್ಟಿರಬೇಕು, ಆದರೆ ಗಂಟಲು ಕಟ್ಟಿರಬಾರದು. ಗಂಟಲು ಹಿಡಿದ ದಿನ ಯಂತ್ರ ಮುಖ ತಿರುಗಿಸುತ್ತಿತ್ತು. ಮೂಗು ಬಿಟ್ಟ ದಿನವಂತೂ ಕೇಳುವುದೇ ಬೇಡ. ಒಮ್ಮೆ ಬೆರಳಲ್ಲಿ ಮೂಗು ಒತ್ತಿಹಿಡಿದು ಹೇಳಿ ನೋಡಿದರು. "ಅನುಕರಣೆ ಪತ್ತೆಯಾಗಿದೆ" ಎಂದು ಯಂತ್ರ ನೇರವಾಗಿ ಕಚೇರಿಗೆ ವರದಿ ಮಾಡಿತು. "ಲೇಖಕರು ಸ್ವಂತ ಮೂಗನ್ನು ಕೈಯಾರೆ ಹಿಡಿಯುವುದು ನಕಲಿ ಸಹಿಗೆ ಸಮಾನವೆಂದು ಈ ಮೂಲಕ ತಿಳಿಯಪಡಿಸಲಾಗಿದೆ" ಎಂಬ ಎಚ್ಚರಿಕೆ ಮನೆಗೆ ಬಂತು.

ಈ ಕಷ್ಟ ತಮಗೊಬ್ಬರಿಗೇ ಎಂದು ದೊಡ್ಡಮ್ಮ ತಿಳಿದಿದ್ದರು. ಎಚ್ಚರಿಕೆಗೆ ಉತ್ತರ ಕೊಡಲು ಮಂಡಳಿಗೆ ಹೋದಾಗ ಹಾಗಲ್ಲವೆಂದು ತಿಳಿಯಿತು. ನೋಂದಣಿಯ ದಿನ ಲಿಫ್ಟ್ ಕೆಟ್ಟಿದ್ದರಿಂದ ಮಹಡಿಯೇರಿ ಏದುಸಿರಿನಲ್ಲಿ ಧ್ವನಿ ಕೊಟ್ಟಿದ್ದ ಕವಿಯೊಬ್ಬರು ಪ್ರತಿ ಪದ್ಯಕ್ಕೂ ಮೊದಲು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಅವರ ಪದ್ಯಗಳು ಚಿಕ್ಕವಾಗುತ್ತ ಬಂದಿದ್ದವು. ವಿಮರ್ಶಕರು ಅದನ್ನು ಸಂಯಮವೆಂದು ಕರೆದಿದ್ದರು. ಒಬ್ಬ ಕಾದಂಬರಿಕಾರರು ನೋಂದಣಿಯ ಬೆಳಗ್ಗೆ ಹೆಂಡತಿಯೊಡನೆ ಜಗಳವಾಡಿ ಬಂದಿದ್ದರು. ಹಾಗಾಗಿ ಅಧ್ಯಾಯಕ್ಕೊಂದು ಜಗಳ ಅನಿವಾರ್ಯವಾಗಿತ್ತು. ಆಕೆ ಮೊದಲು ಸಹಕರಿಸುತ್ತಿದ್ದರಂತೆ. ಈಗ ಮುಖಪುಟದಲ್ಲಿ ತನ್ನ ಹೆಸರೂ ಬರಬೇಕೆಂದು ಹಟ ಹಿಡಿದಿದ್ದರಂತೆ. ಆ ವಿಷಯಕ್ಕೇ ಜಗಳವಾಗಿ ಎರಡು ಅಧ್ಯಾಯ ಮುಗಿದವಂತೆ.

ಇಷ್ಟು ಜನ ಮೊಗಸಾಲೆಯಲ್ಲಿ ಏದುಸಿರು ಬಿಡುತ್ತ, ಜಗಳವಾಡುತ್ತ, ಸೀನುತ್ತ ನಿಂತಿದ್ದನ್ನು ಕಂಡು ಮಂಡಳಿಯ ಮನಸ್ಸು ಕರಗಿತು. ನಿಯಮ ಬದಲಾಯಿಸುವುದು ಕಷ್ಟ, ಲೇಖಕರನ್ನು ಬದಲಾಯಿಸುವುದು ಸುಲಭ ಎಂದು ಉಪಸಮಿತಿ ವರದಿ ಕೊಟ್ಟಿತು. ಅದರಂತೆ "ನೋಂದಣಿ ಸ್ಥಿತಿ ಪಾಲನಾ ಯೋಜನೆ" ಜಾರಿಗೆ ಬಂತು. ನೆಗಡಿ ವರ್ಗದ ಲೇಖಕರಿಗಾಗಿ ಕಟ್ಟಡದ ಹಿಂದುಗಡೆ ಒಂದು ಶೀತಕೊಠಡಿ ಎದ್ದಿತು. ಅದರ ಗುತ್ತಿಗೆ ಕಾರ್ಯದರ್ಶಿಗಳ ಬಾಮೈದನಿಗೆ ಸಿಕ್ಕಿತು. ಪಾರದರ್ಶಕತೆಯ ದೃಷ್ಟಿಯಿಂದ, ಟೆಂಡರಿನಲ್ಲಿ "ಕಾರ್ಯದರ್ಶಿಗಳ ಬಾಮೈದನಾಗಿರುವ ಅನುಭವವುಳ್ಳವರಿಗೆ ಆದ್ಯತೆ" ಎಂದು ಮೊದಲೇ ಪ್ರಕಟಿಸಲಾಗಿತ್ತು.

ನೆಗಡಿ ಹಚ್ಚುವ ಸಲುವಾಗಿ ನೆಗಡಿಯಾದ ಜನರನ್ನು ಪೂರೈಸುವ ಗುತ್ತಿಗೆಯೂ ಅವನದೇ. ಎರಡನೆಯ ತಂಡ ಬಂದು ಬೆಂಚಿನ ಮೇಲೆ ಕೂತಿತು. ದೊಡ್ಡಮ್ಮ ಎದುರು ಕೂತು ಅವರನ್ನು ಒಂದು ಗಂಟೆ ನೋಡಿದರು. ಅನುಮಾನ ಬಂತು.

"ಇವರಿಗೆ ಇರೋದು ಕೆಮ್ಮು. ನೆಗಡಿ ಎಲ್ಲಿದೆ?"

ಬಾಮೈದ ಕೈಮುಗಿದ. "ದೊಡ್ಡಮ್ಮ, ಮಾರ್ಕೆಟ್ಟಲ್ಲಿ ಈಗ ಒಳ್ಳೆ ನೆಗಡಿ ಸಿಗ್ತಿಲ್ಲ. ಇದನ್ನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

"ಮೊನ್ನೆ ಬಂದಿದ್ದವನು ಚೆನ್ನಾಗಿ ಸೀನ್ತಿದ್ದನಲ್ಲ, ಅವನೆಲ್ಲಿ?"

"ಅವನಿಗೆ ವಾಸಿಯಾಯ್ತು. ಕೆಲಸದಿಂದ ತೆಗೆದ್ವಿ. ಪಾಪ, ಮಕ್ಕಳೊಂದಿಗ, ಮತ್ತೆ ಒದ್ದೆ ಬಟ್ಟೆ ಹಾಕ್ಕೊಂಡು ಪ್ರಯತ್ನ ಮಾಡ್ತಿದ್ದಾನೆ."

ಅಂತೂ ಹೀಗೆ ಪುಸ್ತಕ ಮುಂದೆ ಸಾಗಿತು. ದೊಡ್ಡಮ್ಮ ಹಗಲು ಶೀತಕೊಠಡಿಯಲ್ಲಿ ಕೂತು ಮೂಗು ಕಟ್ಟಿಸಿಕೊಂಡು ಬರುವರು, ಸಂಜೆ ಮೈಕಿಗೆ ಹೇಳುವರು. ಮಂಡಳಿಯ ದಾಖಲೆಯಲ್ಲಿ ಅವರ ಪ್ರಗತಿ "ತೃಪ್ತಿಕರ, ಸಿಂಬಳ ಸಹಿತ" ಎಂದು ನಮೂದಾಗಿದೆ.

ಮನೆಯಲ್ಲಿ ಒಂದು ಸಣ್ಣ ವ್ಯತ್ಯಾಸವಾಯಿತು. ನೆಗಡಿಯ ಧ್ವನಿ ನೆಲೆನಿಂತ ಮೇಲೆ, ದೊಡ್ಡಮ್ಮ ತಾಯಿಯ ಬಳಿಗೆ ಹೋಗಿ ಯಾವುದೋ ಹಳೆಯ ಹೆರಿಗೆಯ ವಿಚಾರ ಕೇಳಿದರು. ಅಜ್ಜಿ ಬಲಗಿವಿಯನ್ನು ಈ ಕಡೆ ತಿರುಗಿಸಿದಳು.

"ಯಾರಮ್ಮ ನೀನು?"

"ನಾನೇ ಕಣಮ್ಮ, ನಿನ್ನ ಮಗಳು."

"ನನ್ನ ಮಗಳಾ!" ಅಜ್ಜಿ ನಕ್ಕುಬಿಟ್ಟಳು. "ನಾನೇ ಹೆತ್ತು, ನಾನೇ ಹೊಕ್ಕುಳಬಳ್ಳಿ ಕತ್ತರಿಸಿ, ನಾನೇ ಎತ್ಕೊಂಡವಳು. ಅವಳ ಧ್ವನಿ ನಂಗೆ ಗೊತ್ತಿಲ್ವಾ? ಅವಳದು ಕಂಚಿನ ಕಂಠ. ನೀನ್ಯಾರು ಹೇಳು, ಮಂಡಳಿ ಕಡೆಯವಳಾ?"

ಸೊಸೆ ಅಡುಗೆಮನೆಯಿಂದ ಬಂದು, "ಅಜ್ಜಿ, ಇವರು ಅತ್ತೇನೇ. ನೆಗಡಿ ಅಷ್ಟೇ" ಎಂದು ಸಾಕ್ಷಿ ನುಡಿದಳು. ಸೊಸೆಯ ಸಾಕ್ಷಿಯನ್ನು ಅಜ್ಜಿ ಎಂದೂ ಪರಿಗಣಿಸಿದವಳಲ್ಲ. ಮಗಳ ಕೈಹಿಡಿದು ನೋಡಿದಳು. ಶೀತಕೊಠಡಿಯಿಂದ ಬಂದ ಕೈ ಮಂಜಿನಂತಿತ್ತು. "ಇದು ನನ್ನ ಮಗಳ ಕೈಯೂ ಅಲ್ಲ" ಎಂದು ತೀರ್ಪು ಕೊಟ್ಟು ಬಿಟ್ಟುಬಿಟ್ಟಳು.

ದೊಡ್ಡಮ್ಮ ವಾದಕ್ಕೆ ಹೊರಟವರು ಅರ್ಧದಲ್ಲೇ ನಿಂತರು. ಪುಸ್ತಕ ಅರ್ಧಕ್ಕೆ ಬಂದಿತ್ತು, ಕೇಳಬೇಕಾದ್ದು ಬೇಕಾದಷ್ಟಿತ್ತು. "ಹೌದಜ್ಜಿ, ಮಂಡಳಿ ಕಡೆಯವಳು" ಎಂದರು.

"ಹಾಗನ್ನು ಮತ್ತೆ. ಕೂತ್ಕೋ."

ಆಮೇಲೆ ಅಜ್ಜಿ ಹೇಳಿದ್ದೇ ಹೇಳಿದ್ದು. ಇಷ್ಟು ವರ್ಷ ಮಗಳು ಕೇಳಿದಾಗಲೆಲ್ಲ "ಅದೆಲ್ಲ ಯಾಕೀಗ" ಎಂದು ಬಾಯಿ ಮುಚ್ಚುತ್ತಿದ್ದವಳು ಮಂಡಳಿಯ ಹೆಂಗಸಿನ ಮುಂದೆ ಗಂಟು ಬಿಚ್ಚಿದಳು. ಹೆಣ್ಣು ಹುಟ್ಟಿದರೆ ಮೂರನೆಯ ಮದುವೆಯಾಗುತ್ತೇನೆಂದು ಹೊರಗೆ ಕೂತು ಕೂಗುತ್ತಿದ್ದ ವ್ಯಾಪಾರಿಯ ಮುಂದೆ ಎರಡು ದಿನ ಕೂಸನ್ನು ಬಿಚ್ಚಿ ತೋರಿಸದೆ ಗಂಡೆಂದು ನಂಬಿಸಿ, ಅವನಿಗೆ ಕೂಸಿನ ಮೇಲೆ ಮೋಹ ಹತ್ತಿದ ಮೇಲೆ ನಿಜ ಹೇಳಿದ್ದು. ಒಮ್ಮೆ ಕೈಗೆ ಬಂದ ಮಗು ಅಳದೇ ಹೋದಾಗ, ತಾನು ಹೊರಗೆ ಬಂದು ಗೋಡೆಗೆ ತಲೆ ಇಟ್ಟು ನಿಂತದ್ದು. ತನ್ನ ಹೆರಿಗೆಗೆ ಯಾರೂ ಸಿಗದೆ, ಕತ್ತರಿಯನ್ನು ತಾನೇ ಕುದಿಸಿಟ್ಟುಕೊಂಡು ಮಲಗಿದ್ದು.

"ಇದನ್ನೆಲ್ಲ ಮಗಳಿಗೆ ಹೇಳಿಲ್ವಾ ಅಜ್ಜಿ?"

"ಅವಳು ಓದಿದವಳು ಕಣಮ್ಮ. ಅವಳ ಮುಂದೆ ಬಾಯಿ ಬರಲ್ಲ. ಎಲ್ಲಿ ತಪ್ಪು ಹಿಡೀತಾಳೋ ಅಂತ." ದನಿ ತಗ್ಗಿಸಿ ಸೇರಿಸಿದಳು: "ಅವಳಿಗೆ ಹೇಳ್ಬೇಡ. ಪುಸ್ತಕದಲ್ಲಿ ಓದ್ಲಿ."

ದೊಡ್ಡಮ್ಮ ಮೂಗು ಒರೆಸಿಕೊಂಡರು. ನೆಗಡಿಯಾದವರು ಒರೆಸಿಕೊಳ್ಳುವುದು ಸಹಜ, ಅದನ್ನು ಯಾರೂ ಗಮನಿಸಲಿಲ್ಲ. ಆ ದಿನದಿಂದ ಅವರು ನೆಗಡಿಯನ್ನು ಬಿಡದಂತೆ ಕಾಪಾಡಿಕೊಂಡರು. ಯಂತ್ರಕ್ಕಿಂತ ಹೆಚ್ಚಾಗಿ ತಾಯಿಗೋಸ್ಕರ. ವಾಸಿಯಾಗುವ ಲಕ್ಷಣ ಕಂಡ ಕೂಡಲೇ ಐಸು ತರಿಸುತ್ತಿದ್ದರು. ಮಂಡಳಿಯ ವೈದ್ಯರು ಬಂದು ನಾಡಿ ನೋಡಿ, "ಆರೋಗ್ಯ ಸುಧಾರಿಸುತ್ತಿದೆ, ಜಾಗ್ರತೆ" ಎಂದು ಎಚ್ಚರಿಸಿ ಹೋಗುತ್ತಿದ್ದರು.

ಪುಸ್ತಕ ಮುಗಿಯಿತು. "ಮೊದಲ ಕೈ" ಎಂಬ ಹೆಸರಿನಲ್ಲಿ ಮಂಡಳಿಯ ಮುದ್ರೆಯೊಂದಿಗೆ ಹೊರಬಂತು. ಬಿಡುಗಡೆಯ ಸಭೆಯಲ್ಲಿ ಕಾರ್ಯದರ್ಶಿಗಳು ಪುಸ್ತಕವನ್ನು ಓದಿಲ್ಲವಾದರೂ ಅದರ ಧ್ವನಿ ಅಪ್ಪಟವಾಗಿದೆಯೆಂದು ಕೊಂಡಾಡಿ, ದೊಡ್ಡಮ್ಮನವರಿಗೆ "ಧ್ವನಿ ಸ್ಥಿರತಾ ಪ್ರಶಸ್ತಿ" ನೀಡಿದರು. ಅದೇ ವೇದಿಕೆಯಲ್ಲಿ ಕಾರ್ಯದರ್ಶಿಗಳ ಆತ್ಮಕಥೆಯೂ ಬಿಡುಗಡೆಯಾಯಿತು. ಅದರಲ್ಲಿ ಅವರು ಗುಮಾಸ್ತರಾಗಿ ಪಟ್ಟ ಬವಣೆಗಳು, ಮೇಲಧಿಕಾರಿಯ ಬೈಗುಳ, ಸಿಗದೇ ಹೋದ ಬಡ್ತಿ, ಎಲ್ಲವೂ ಮನಮುಟ್ಟುವಂತೆ ಬಂದಿದ್ದವು.

ದೊಡ್ಡಮ್ಮ ಪುಸ್ತಕವನ್ನು ಎದೆಗವಚಿಕೊಂಡು ಮನೆಗೆ ಬಂದರು. ಇನ್ನು ನೆಗಡಿಯ ಅಗತ್ಯವಿರಲಿಲ್ಲ. ಬಿಸಿನೀರು ಕುಡಿದರು, ಹಬೆ ತೆಗೆದುಕೊಂಡರು, ಕಂಬಳಿ ಹೊದ್ದು ಬಿಸಿಲಿನಲ್ಲಿ ಕೂತರು. ಮೂಗು ಸುರಿಯುವುದು ನಿಂತಿತು, ಸೀನು ನಿಂತಿತು. ಧ್ವನಿ ಮಾತ್ರ ಹಾಗೇ ಉಳಿಯಿತು. ವೈದ್ಯರು ಟಾರ್ಚು ಹಾಕಿ ನೋಡಿದರು.

"ನೆಗಡಿ ಪೂರ್ತಿ ವಾಸಿಯಾಗಿದೆ."

"ಮತ್ತೆ ಈ ಧ್ವನಿ?"

"ಇದೇ ಈಗ ನಿಮ್ಮ ಧ್ವನಿ. ಮಂಡಳಿಯ ದಾಖಲೆಗೂ ನಿಮಗೂ ಈಗ ಯಾವ ವ್ಯತ್ಯಾಸವೂ ಇಲ್ಲ. ಎಲ್ಲರಿಗೂ ಈ ಅದೃಷ್ಟ ಇರಲ್ಲ."

ಗುಮಾಸ್ತರಿಗೂ ಸಂತೋಷವಾಯಿತು. ಅವರು ಕಡತ ಮುಕ್ತಾಯಗೊಳಿಸಿದರು.

ದೊಡ್ಡಮ್ಮ ಪುಸ್ತಕವನ್ನು ತಾಯಿಗೆ ಓದಿ ಹೇಳಿದರು. ದಿನಾ ಮಧ್ಯಾಹ್ನ ಬಲಗಿವಿಯ ಹತ್ತಿರ ಕೂತು, ಒಂದು ಪುಟವನ್ನೂ ಬಿಡದೆ. ಅಜ್ಜಿ ನಿದ್ದೆ ಮಾಡಲಿಲ್ಲ. ವ್ಯಾಪಾರಿಯ ಕಥೆಗೆ ನಕ್ಕಳು. ಅಳದ ಮಗುವಿನ ಪುಟಕ್ಕೆ ಓದುವವಳ ಮೊಣಕೈ ಹಿಡಿದುಕೊಂಡಳು. ಎಲ್ಲ ಮುಗಿದ ಮೇಲೆ ಹೇಳಿದಳು: "ಚೆನ್ನಾಗಿ ಬರೆದಿದ್ದಾಳೆ. ನೀನೂ ಚೆನ್ನಾಗಿ ಓದ್ತೀಯ, ನಿಜ ಹೇಳ್ಬೇಕು. ಆದ್ರೂ ಅವಳು ಬಂದ್ಮೇಲೆ ಅವಳ ಬಾಯಲ್ಲಿ ಇನ್ನೊಂದ್ಸಲ ಕೇಳ್ತೀನಿ. ಇಷ್ಟು ದಿನ ಎಲ್ಲಿ ಹೋಗಿದ್ದಾಳೆ?"

ಮಗ ಕೋಣೆಯಿಂದ ಹೇಳಿದ: "ಪುಸ್ತಕದ ಕೆಲಸದ ಮೇಲೆ ಹೋಗಿದ್ದಾರಜ್ಜಿ."

"ಬರ್ತಾರೆ" ಎಂದಳು ಸೊಸೆ. ಅವಳು ಈಗ ಅತ್ತೆಗೆ ಕಾಫಿ ತಂದಿಡುವಾಗ ಅಜ್ಜಿಯೆದುರು "ತಗೊಳ್ಳಿ ಮೇಡಂ" ಎನ್ನುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಈಗ ಸಂಜೆ ಹೊತ್ತು ಅಜ್ಜಿ ಬಾಗಿಲ ಕಡೆ ಕಿವಿಯಿಟ್ಟು ಕೂರುತ್ತಾಳೆ. ದೊಡ್ಡಮ್ಮ ಪಕ್ಕದಲ್ಲಿ ಕೂರುತ್ತಾರೆ. ಬೀದಿಯಲ್ಲಿ ಹೆಂಗಸರ ಮಾತು ಕೇಳಿದಾಗಲೆಲ್ಲ ಅಜ್ಜಿ ಕತ್ತು ಉದ್ದ ಮಾಡುತ್ತಾಳೆ, ಆಮೇಲೆ ಬೇರೆ ಯಾರದೋ ಮನೆಯ ಹೆಸರು ಹೇಳಿ ಹಿಂದಕ್ಕೆ ಒರಗುತ್ತಾಳೆ.

"ಇವತ್ತೂ ತಡ ಆಯ್ತು ನೋಡು" ಎನ್ನುತ್ತಾಳೆ ಅಜ್ಜಿ.

"ಹೌದು. ಯಾಕೋ ಇನ್ನೂ ಬರ್ಲಿಲ್ಲ" ಎನ್ನುತ್ತಾರೆ ದೊಡ್ಡಮ್ಮ.

ಪುಸ್ತಕಕ್ಕೆ ತಗುಲಿದ ವೆಚ್ಚ ಇಷ್ಟು: ಐಸು, ಔಷಧಿ, ಶೀತಕೊಠಡಿಯ ಬಾಡಿಗೆ, ಇವನ್ನು ಮಂಡಳಿ ಭರಿಸಿತು. ಒಂದು ಕಂಚಿನ ಕಂಠ, ಅದನ್ನು ಮನೆಯವರು ಭರಿಸಿದರು.